ಲಾಂಚು, ಮುದ್ದೆ ಮತ್ತು ಮುಳುಗದ ಸೂರ್ಯ

ಹೊರಡುವ ಹಿಂದಿನ ರಾತ್ರಿ ಅಮ್ಮ ತುಮರಿಯಿಂದ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದಳು. "ಅಲ್ಲಿ ಕರಡಿ ಇದ್ದಡ ಅಲ್ದನೇ? ಟಾರ್ಚ್ ತಗಂಡಿದ್ಯನೇ?" ಕರಡಿ ಇರುವುದು ನಿಜ ಎಂದೆ. ಟಾರ್ಚ್ ಎರಡಿದೆ, ಜೊತೆಗೊಂದು ಲ್ಯಾಂಟರ್ನ್, ಹೊಸ ಸೆಲ್ಲು ಹನ್ನೆರಡು. ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತು. ಶರಾವತಿ ಹಿನ್ನೀರಿನ ಆಚೆ ದಡದವರಿಗೆ ಟಾರ್ಚ್ ಇಲ್ಲದೆ ಅಂಗಳ ದಾಟಿ ಗೊತ್ತಿಲ್ಲ. ಕೈಯಲ್ಲಿ ಟಾರ್ಚ್ ಇದ್ದರೆ ಕರಡಿಯೂ ಲೆಕ್ಕಕ್ಕಿಲ್ಲ.

ನಾವಿರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿಂದ ಅಲಾಸ್ಕಾ ಹೈವೇ ಹಿಡಿದು ಯೂಕಾನ್‌ಗೆ, ಅಲ್ಲಿಂದ ಡೆಂಪ್‌ಸ್ಟರ್ ಹೈವೇ ಎಂಬ ಜಲ್ಲಿರಸ್ತೆಯಲ್ಲಿ ಆರ್ಕ್‌ಟಿಕ್ ಸಮುದ್ರದ ದಡದ ಟಕ್‌ಟೊಯಾಕ್‌ಟಕ್‌ವರೆಗೆ ಹೋಗಬೇಕು ಅನ್ನುವುದು ನಮ್ಮಿಬ್ಬರ ಹಳೇ ಹುಚ್ಚು. ಒಂದು ಕಡೆಗೇ ಸುಮಾರು 3,700 ಕಿ.ಮೀ. ಹದಿನೆಂಟು ದಿನ ರಜೆ ಸಿಕ್ಕಿತು. ಇವರು ಬಂಗಾರಪೇಟೆ ಕಡೆಯವರು, ಎಕ್ಸೆಲ್ ಶೀಟ್ ಮಾಡದೆ ಮದುವೆ ಮನೆಗೂ ಹೋಗುವವರಲ್ಲ. ಶೀಟಿನಲ್ಲಿ ರಾಗಿಹಿಟ್ಟು, ಮುದ್ದೆಕೋಲು, ಕುಕ್ಕರ್ ಎಲ್ಲಾ ಇತ್ತು. ನಾನು ಸೇರಿಸಿದ್ದು ಮಾವಿನಮಿಡಿ ಉಪ್ಪಿನಕಾಯಿ ಬಾಟ್ಲಿ, ಚಟ್ನಿಪುಡಿ, ಅವಲಕ್ಕಿ, ಮತ್ತೆ ಒಂದು ಸಣ್ಣ ಮರದ ಹಲಗೆ. ಹಲಗೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲ ದಿನ, 2025ರ ಜುಲೈ 3. ಬೆಳಿಗ್ಗೆ ಐದಕ್ಕೆ ಹೊರಟೆವು. ಎಡ್ಮಂಟನ್ ದಾಟಿದ ಮೇಲೆ ಕಣ್ಣು ಹಾಯಿಸಿದಷ್ಟೂ ಕನೋಲಾ ಹೊಲ. ಸಂಜೆ ಡಾಸನ್ ಕ್ರೀಕ್. ಅಲಾಸ್ಕಾ ಹೈವೇ ಶುರುವಾಗುವ ಸೊನ್ನೆ ಮೈಲಿನ ಕಂಬದ ಪಕ್ಕ ಎಲ್ಲರಂತೆ ನಾವೂ ಫೋಟೋ ತೆಗೆಸಿಕೊಂಡೆವು. ಗಮನಿಸಿ, ಡಾಸನ್ ಕ್ರೀಕ್ ಬೇರೆ, ಡಾಸನ್ ಸಿಟಿ ಬೇರೆ. ನಡುವೆ ಸುಮಾರು 1,950 ಕಿ.ಮೀ. ಇದೆ. ನಮ್ಮತ್ತೆ ಮಾತ್ರ "ಅಯ್ಯೋ, ಒಂದೇ ದಿನಕ್ಕೆ ಡಾಸನ್ ಮುಟ್ಟಿಬಿಟ್ರಾ" ಅಂತ ಖುಷಿಪಟ್ಟರು. ನಾವೂ ತಿದ್ದಲಿಲ್ಲ.

ಎರಡನೇ ದಿನ. ಈ ರಸ್ತೆಯ ಕಥೆ ಇವರಿಗೆ ಬಾಯಿಪಾಠ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಲಾಸ್ಕಾ ಮೇಲೆ ಬಿದ್ದರೆ ಏನು ಗತಿ ಅಂತ ಹೆದರಿ ಅಮೆರಿಕದ ಸೈನ್ಯ 1942ರಲ್ಲಿ ಎಂಟೇ ತಿಂಗಳಲ್ಲಿ ಕಾಡು, ಕೆಸರು ಕಡಿದು ದಾರಿ ಮಾಡಿತು. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು, ಅವರಲ್ಲಿ ಮೂರರಲ್ಲಿ ಒಂದು ಪಾಲು ಕಪ್ಪು ಸೈನಿಕರು. ಫೋರ್ಟ್ ನೆಲ್ಸನ್ ಹತ್ತಿರ ರಸ್ತೆ ಬದಿಯ ಮರಗಳು ಸುಟ್ಟು ಕರಿ ಕಡ್ಡಿಯ ಹಾಗೆ ನಿಂತಿದ್ದವು. 2024ರ ಮೇ ತಿಂಗಳಲ್ಲಿ ಕಾಡ್ಗಿಚ್ಚು ಊರಿನ ಬಾಗಿಲಿಗೇ ಬಂದು ಊರನ್ನೇ ಖಾಲಿ ಮಾಡಿಸಿದ್ದರು. ಪೆಟ್ರೋಲ್ ಬಂಕಿನಲ್ಲಿದ್ದ ಪಂಜಾಬಿ ಹುಡುಗ ಕಾರು ತುಂಬಿದ್ದು ನೋಡಿ "ಶಿಫ್ಟಿಂಗಾ?" ಅಂತ ಕೇಳಿದ.

ಫೋರ್ಟ್ ನೆಲ್ಸನ್ ದಾಟಿದ ಮೇಲೆ ರಾಕೀಸ್ ಹತ್ತಬೇಕು. ಸಮ್ಮಿಟ್ ಲೇಕ್ ಹತ್ತಿರ 1,295 ಮೀಟರ್, ಈ ಹೈವೇಯಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ರಾತ್ರಿ ಮಂಚೋ ಲೇಕ್ ದಡದಲ್ಲಿ ಟೆಂಟ್ ಹಾಕಿದೆವು. ಹನ್ನೊಂದು ಗಂಟೆಗೂ ಪುಸ್ತಕ ಓದುವಷ್ಟು ಬೆಳಕು. ನೀರು ನೀಲಿಯೂ ಅಲ್ಲ, ಹಸಿರೂ ಅಲ್ಲ. ರಸ್ತೆ ಬದಿಯಲ್ಲಿ ಸ್ಟೋನ್ ಶೀಪ್ ಎಂಬ ಕಾಡುಕುರಿಗಳು ಉಪ್ಪಿನ ಮಣ್ಣು ನೆಕ್ಕುತ್ತಾ ನಿಂತಿರುತ್ತವೆ. ಹಾರ್ನ್ ಹೊಡೆದರೂ ಕದಲುವುದಿಲ್ಲ. ಸಾಗರ ಪೇಟೆಯ ದನಗಳ ನೆನಪಾಯಿತು.

ಇಲ್ಲೇ ಒಗ್ಗರಣೆ ವಿಷಯಕ್ಕೆ ಮೊದಲ ಜಗಳ ಆಗಿದ್ದು. ಕರಡಿ ಇರುವ ಕಾಡಿನಲ್ಲಿ ಟೆಂಟ್ ಹತ್ತಿರ ಅಡುಗೆ ಮಾಡಬಾರದು, ಪೇಸ್ಟು, ಸೋಪು ಕೂಡ ಕಾರಿನೊಳಗೇ ಇಡಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಇಂಗು, ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆಯ ಘಮ ಎಷ್ಟು ದೂರ ಹೋಗುತ್ತೆ ಅಂತ ಯಾವ ಬೋರ್ಡಿನಲ್ಲೂ ಬರೆದಿಲ್ಲ. ಇವರು ಟೆಂಟಿನಿಂದ ನೂರು ಹೆಜ್ಜೆ ಎಣಿಸಿ ಒಲೆ ಇಟ್ಟರು. ನಾನು ಒಗ್ಗರಣೆ ಹಾಕುವಾಗ ಇವರು ಬೇರ್ ಸ್ಪ್ರೇ ಹಿಡಿದು ಕಾವಲು ನಿಂತರು. ಪಕ್ಕದ ಜಾಗದ ಜರ್ಮನ್ ದಂಪತಿ ಮಾತ್ರ ಬಂದರು. ಅವರಿಗೆ ತಿಳಿಸಾರು ಕೊಟ್ಟು ಕಳಿಸಿದೆವು.

ಮೂರನೇ ದಿನ. ಬರೀ 60 ಕಿ.ಮೀ. ಓಡಿಸಿ ಲಿಯಾರ್ಡ್ ಬಿಸಿನೀರಿನ ಬುಗ್ಗೆಯಲ್ಲಿ ನಿಂತುಬಿಟ್ಟೆವು. ಶೀಟಿನ ಪ್ರಕಾರ ಎರಡು ಗಂಟೆ. ನನ್ನ ಪ್ರಕಾರ ಇಡೀ ದಿನ. ಜೌಗಿನ ಮೇಲೆ ಹಾಕಿದ ಹಲಗೆ ದಾರಿಯಲ್ಲಿ ನಡೆದು ಹೋದರೆ ಕಾಡಿನ ಮಧ್ಯೆ ಹೊಗೆಯಾಡುವ ಕೊಳ. ಒಂದು ಬದಿ 42 ಡಿಗ್ರಿ, ಬುಗ್ಗೆಯ ಕಡೆ ಹೋದ ಹಾಗೆ 52ರವರೆಗೆ ಏರುತ್ತದೆ. ದೀಪಾವಳಿಗೆ ನೀರು ತುಂಬುವ ಹಬ್ಬದ ಮಾರನೇ ದಿನ ಅಜ್ಜಿ ಹಂಡೆಯಿಂದ ತೋಡಿ ಹುಯ್ಯುತ್ತಿದ್ದ ನೀರು ನೆನೆಸಿಕೊಳ್ಳಿ, ಅದೇ. ಬೆನ್ನು ನೋವು ಅಲ್ಲೇ ಬಿಟ್ಟು ಬಂದೆ.

ಕ್ಯಾಂಪ್‌ಗ್ರೌಂಡಿನ ಸುತ್ತ ಕರೆಂಟ್ ಬೇಲಿ ಇದೆ. 1997ರಲ್ಲಿ ಈ ಬುಗ್ಗೆಯ ಹತ್ತಿರವೇ ಕರಡಿ ದಾಳಿಗೆ ಇಬ್ಬರು ಸತ್ತಿದ್ದರು. ನಮ್ಮೂರಲ್ಲಿ ಹಂದಿ ಬರದಂತೆ ತೋಟಕ್ಕೆ ಐಬೆಕ್ಸ್ ಬೇಲಿ ಹಾಕುತ್ತಾರಲ್ಲ, ಇಲ್ಲಿ ತೋಟದ ಜಾಗದಲ್ಲಿ ನಾವು.

ನಾಲ್ಕನೇ ದಿನ. ರಸ್ತೆಯ ಮೇಲೆ ಕಾಡೆಮ್ಮೆ, ಅಂದರೆ ಬೈಸನ್. ಒಂದಲ್ಲ, ಮೂವತ್ತಾದರೂ ಇದ್ದವು. ಇಪ್ಪತ್ತು ನಿಮಿಷ ಇಂಜಿನ್ ಆರಿಸಿ ಕೂತೆವು.

ಮಧ್ಯಾಹ್ನ ವಾಟ್ಸನ್ ಲೇಕ್. ಇಲ್ಲಿ ಬೋರ್ಡುಗಳ ಕಾಡು ಇದೆ. 1942ರಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಕಾರ್ಲ್ ಲಿಂಡ್ಲಿ ಎಂಬ ಸೈನಿಕ ಊರಿನ ನೆನಪು ತಡೆಯಲಾರದೆ, ತನ್ನೂರು ಡ್ಯಾನ್‌ವಿಲ್ ಎಷ್ಟು ದೂರ ಅಂತ ಬರೆದು ಒಂದು ಬೋರ್ಡ್ ನೆಟ್ಟ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಈಗ 80,000ಕ್ಕೂ ಹೆಚ್ಚು ಬೋರ್ಡುಗಳಿವೆ. ಎಲ್ಲಿಂದಲೋ ಕಿತ್ತು ತಂದ ಬೀದಿ ಹೆಸರುಗಳು, ನಂಬರ್ ಪ್ಲೇಟು, ಪಾತ್ರೆ ಮುಚ್ಚಳ ಏನುಂಟು ಏನಿಲ್ಲ. ನನ್ನ ಹಲಗೆಯ ಕೆಲಸ ಇಲ್ಲಿ. ಮನೆಯಲ್ಲೇ ಬಿಳಿ ಬಣ್ಣದಲ್ಲಿ "ತುಮರಿ" ಅಂತ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ "ಲಾಂಚ್ ಇದೆ" ಅಂತ ಸೇರಿಸಿದ್ದೆ. ಹಿನ್ನೀರು ದಾಟಿ ನಮ್ಮೂರಿಗೆ ಜನ, ವಾಹನ ಹೋಗುವುದು ಲಾಂಚಿನಲ್ಲೇ. ಇವರು ಮೊಳೆ ಹೊಡೆದರು. ಎಡಗಡೆ ಒಂದು ಜಪಾನಿ ಬೋರ್ಡು, ಬಲಗಡೆ ಟೆಕ್ಸಾಸ್. "ಬಂಗಾರಪೇಟೆ ಯಾಕೆ ಬರೀಲಿಲ್ಲ?" ಅಂತ ವೈಟ್‌ಹಾರ್ಸ್‌ವರೆಗೂ, ಅಂದರೆ 440 ಕಿ.ಮೀ., ಕೇಳುತ್ತಲೇ ಇದ್ದರು.

ಐದನೇ ದಿನ ವೈಟ್‌ಹಾರ್ಸ್‌ನಲ್ಲಿ ಬಟ್ಟೆ ಒಗೆದದ್ದು, ಎರಡನೇ ಸ್ಟೆಪ್ನಿ ಕೊಂಡದ್ದು, ನಿದ್ದೆ ಮಾಡಿದ್ದು. ಬರೆಯುವಂಥದ್ದು ಏನೂ ಇಲ್ಲ.

ಆರನೇ ದಿನ ಕ್ಲೋಂಡೈಕ್ ಹೈವೇಯಲ್ಲಿ 530 ಕಿ.ಮೀ. ದಾರಿಯಲ್ಲಿ ಬ್ರೇಬರ್ನ್‌ನಲ್ಲಿ ಊಟದ ತಟ್ಟೆಯಷ್ಟು ದೊಡ್ಡ ದಾಲ್ಚಿನ್ನಿ ಬನ್ನು ಸಿಗುತ್ತದೆ. ಒಂದನ್ನು ಎರಡು ದಿನ ತಿಂದೆವು. ಯೂಕಾನ್ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು: ಕವರಿನಲ್ಲಿ ದುಡ್ಡು ಹಾಕಿ ಡಬ್ಬಿಗೆ ಹಾಕಿದರೆ ಆಯಿತು, ಸೌದೆ ಪುಕ್ಕಟೆ. ಕೊಡಲಿ ಮಾತ್ರ ನಮ್ಮದೇ ಇರಬೇಕು. ಸೌದೆ ಸೀಳುವುದರಲ್ಲಿ ನಾನೇ ಮುಂದೆ. ಕೋಲಾರದವರಿಗೆ ಕಾಡಿನ ಕೆಲಸ ಬರುವುದಿಲ್ಲ ಅಂತ ಇಲ್ಲಿ ದಾಖಲಿಸುತ್ತಿದ್ದೇನೆ.

ಏಳನೇ ದಿನ, ಡಾಸನ್ ಸಿಟಿ. ಆದರೆ ಚಿನ್ನದ ವಿಷಯಕ್ಕೆ ಇವರನ್ನು ಹಿಡಿಯುವವರೇ ಇಲ್ಲ. 1896ರ ಆಗಸ್ಟ್‌ನಲ್ಲಿ ಇಲ್ಲಿನ ಒಂದು ಹಳ್ಳದಲ್ಲಿ ಚಿನ್ನ ಸಿಕ್ಕಿತು. ಆ ಹಳ್ಳಕ್ಕೆ ಬೊನಾಂಜಾ ಅಂತ ಹೆಸರಾಯಿತು. 1898ರ ಹೊತ್ತಿಗೆ ಊರಲ್ಲಿ 30,000 ಜನ. ಈಗ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹೆಚ್ಚಿನ ಬೀದಿಗಳಿಗೆ ಟಾರು ಹಾಕಿಲ್ಲ, ಫುಟ್‌ಪಾತ್ ಮರದ ಹಲಗೆ. ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು. ಮನೆಯ ಬಿಸಿಗೆ ಅದು ಕರಗಿ ಕೆಲವು ಹಳೇ ಕಟ್ಟಡಗಳು ಒಂದರ ಹೆಗಲಿಗೆ ಒಂದು ವಾಲಿಕೊಂಡಿವೆ.

ಡ್ರೆಡ್ಜ್ ನಂಬರ್ 4 ಎಂಬ ಎಂಟು ಮಹಡಿಯ ಮರದ ಯಂತ್ರ ನೋಡಲು ಹೋದೆವು. 1912ರಲ್ಲಿ ಕಟ್ಟಿದ್ದು, 1959ರವರೆಗೂ ಹಳ್ಳದ ತಳ ಬಗೆದು, ಚಿನ್ನ ಸೋಸಿ, ಕಲ್ಲನ್ನು ಹಿಂದಕ್ಕೆ ಉಗಿಯುತ್ತಿತ್ತು. ಆ ಕಲ್ಲಿನ ರಾಶಿ ಕಣಿವೆ ಉದ್ದಕ್ಕೂ ಎರೆಹುಳು ಹಿಕ್ಕೆಯ ಹಾಗೆ ಇವತ್ತಿಗೂ ಬಿದ್ದಿದೆ. ಅದರ ಮುಂದೆ ಇವರು ತುಂಬಾ ಹೊತ್ತು ಸುಮ್ಮನೆ ನಿಂತರು. ಇವರ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. "ನಮ್ಮೋರು ಮೂರು ಕಿಲೋಮೀಟರ್ ಕೆಳಗಿಳಿದು ತೆಗೀತಿದ್ರು ಕಣೇ. ಇವರು ಹೊಳೇಲಿ ಬಾಚ್ಕೊಂಡ್ರು" ಎಂದರು. ಆಮೇಲೆ, "ಕೊನೆಗೆ ಉಳಿದಿದ್ದು ಎರಡು ಕಡೆನೂ ದಿಬ್ಬಾನೇ" ಎಂದರು. ಕೆಜಿಎಫ್ 2001ರಲ್ಲಿ ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳ ಮೇಲೆ ಇವರು ಚಿಕ್ಕಂದಿನಲ್ಲಿ ಜಾರಿ ಆಡಿದ್ದಾರಂತೆ. ಅತ್ತೆಗೆ ಗೊತ್ತಿಲ್ಲ.

ಎಂಟನೇ ದಿನ. ಡಾಸನ್‌ನಿಂದ 40 ಕಿ.ಮೀ. ಹಿಂದಕ್ಕೆ ಬಂದರೆ ಡೆಂಪ್‌ಸ್ಟರ್ ಹೈವೇ ಶುರು. ಮುಂದಿನ ಪೆಟ್ರೋಲ್ ಸುಮಾರು 370 ಕಿ.ಮೀ. ಆಚೆ. ಎರಡು ಕ್ಯಾನ್ ತುಂಬಿಸಿದೆವು. 1979ರಲ್ಲಿ ತೆರೆದ ಈ ರಸ್ತೆಗೆ ಡೆಂಪ್‌ಸ್ಟರ್ ಎಂಬ ಪೊಲೀಸಿನವನ ಹೆಸರು. 1911ರಲ್ಲಿ ದಾರಿ ತಪ್ಪಿ ಹಿಮದಲ್ಲಿ ಸತ್ತ ನಾಲ್ಕು ಜನ ಪೊಲೀಸರನ್ನು ಹುಡುಕಿ ತೆಗೆದವನು ಅವನು. ಇಂಥ ಕಥೆ ಓದಿಕೊಂಡು ಹೊರಡುವುದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ.

ಟೂಂಬ್‌ಸ್ಟೋನ್ ಬೆಟ್ಟಗಳ ನಡುವೆ ಟೆಂಟ್. ಮಳೆ, ಗಾಳಿ, ಐದು ಡಿಗ್ರಿ. ಮರಗಳೆಲ್ಲ ಮುಗಿದು ಬರೀ ಪೊದೆ, ಹುಲ್ಲು, ಕಪ್ಪು ಕಲ್ಲಿನ ಚೂಪು ಶಿಖರ. ಕುದುರೆಮುಖದ ಹುಲ್ಲುಗಾವಲು ಇಲ್ಲಿಗೆ ಬಂದು ಇನ್ನೂ ನೂರು ಪಟ್ಟು ಹಿಗ್ಗಿದ ಹಾಗೆ. ರಾತ್ರಿ ಹನ್ನೆರಡು ಗಂಟೆಗೆ ಎದ್ದು ಹೊರಗೆ ಬಂದೆ. ಮೋಡದ ಅಡಿಯಿಂದ ಹಳದಿ ಬಿಸಿಲು ಬಂದು ಒಂದೇ ಒಂದು ಗುಡ್ಡದ ಮೇಲೆ ಬಿದ್ದಿತ್ತು. ಇವರನ್ನು ಎಬ್ಬಿಸಿದೆ. "ಬೆಳಗಾಯ್ತಾ?" ಎಂದು ಕೇಳಿ, ಗಡಿಯಾರ ನೋಡಿ, ಬೈದು ಮಲಗಿದರು.

ಒಂಬತ್ತನೇ ದಿನ. ಟೈರ್ ಹೋಗುತ್ತೆ ಅಂತ ಎಲ್ಲರೂ ಹೇಳಿದ್ದರು, ಹೋಯಿತು. ಈ ರಸ್ತೆಗೆ ಹಾಕಿದ ಕಲ್ಲು ಚಪ್ಪಟೆ, ಅಂಚು ಬ್ಲೇಡಿನಂತೆ. ನೆಲದ ಹೆಪ್ಪು ಕರಗಿ ರಸ್ತೆ ಕುಸಿಯಬಾರದು ಅಂತ ಆಳೆತ್ತರಕ್ಕೂ ಜಲ್ಲಿ ಸುರಿದು ಅದರ ಮೇಲೆ ದಾರಿ ಮಾಡಿದ್ದಾರೆ. ಹಾಗಾಗಿ ಎರಡೂ ಬದಿ ಇಳಿಜಾರು, ಕಾರು ನಿಲ್ಲಿಸಲು ಜಾಗವಿಲ್ಲ. ಜ್ಯಾಕ್ ಏರಿಸುವಷ್ಟರಲ್ಲಿ ಸೊಳ್ಳೆ ಮುತ್ತಿದವು. ಸೊಳ್ಳೆ ಜೊತೆಗೆ ನೊರಜು. ಮಲೆನಾಡಿನಲ್ಲಿ ಇಂಬಳ, ಅಂದರೆ ಜಿಗಣೆ, ಕಚ್ಚಿಸಿಕೊಂಡು ಬೆಳೆದವಳು ನಾನು, ಆದರೂ ಹೇಳುತ್ತೇನೆ, ಇಂಬಳ ಎಷ್ಟೋ ವಾಸಿ. ಅದು ಕಿವಿಯೊಳಗೆ ಹಾಡುವುದಿಲ್ಲ. ಅರ್ಧ ಗಂಟೆಯಲ್ಲಿ ಮೂರು ಕಾರು, ಒಂದು ಲಾರಿ ಬಂದವು. ನಾಲ್ಕೂ ನಿಂತು "ಸರಿ ಇದ್ದೀರಾ?" ಅಂತ ಕೇಳಿಯೇ ಮುಂದೆ ಹೋದದ್ದು.

ಈಗಲ್ ಪ್ಲೇನ್ಸ್‌ನಲ್ಲಿ ಟೈರ್ ಪಂಚರ್ ಹಾಕಿಸಿ, 405ನೇ ಕಿ.ಮೀ.ನಲ್ಲಿ ಆರ್ಕ್‌ಟಿಕ್ ವೃತ್ತ ದಾಟಿದೆವು. ಅಲ್ಲಿ ಗಾಳಿ ಎಷ್ಟೆಂದರೆ ಅವಲಕ್ಕಿ ತಟ್ಟೆಯಿಂದ ಹಾರಿಹೋಯಿತು. ಸ್ವಲ್ಪ ಮುಂದೆ ಗ್ರಿಜ್ಲಿ ಕರಡಿ, ರಸ್ತೆಯಿಂದ ಐವತ್ತು ಮಾರು. ಬೇರು ಕೀಳುತ್ತಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎರಡು ದಿನದಿಂದ ಸೊಂಟಕ್ಕೆ ಬೇರ್ ಸ್ಪ್ರೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಇವರಿಗೆ ಸ್ವಲ್ಪ ಅವಮಾನ ಆದಂತಿತ್ತು.

ಹತ್ತನೇ ದಿನ. ಗಡಿ ದಾಟಿ ವಾಯವ್ಯ ಪ್ರಾಂತ್ಯ. ಬೆಟ್ಟ ಇಳಿದರೆ ಪೀಲ್ ನದಿ, ದಾಟಲು ಲಾಂಚ್. ಇಲ್ಲಿಯವರು ಫೆರಿ ಅನ್ನುತ್ತಾರೆ, ನನ್ನ ಬಾಯಲ್ಲಿ ಬಂದದ್ದು ಲಾಂಚ್ ಅಂತಲೇ. ಕಬ್ಬಿಣದ ಹಗ್ಗಕ್ಕೆ ಕಟ್ಟಿಕೊಂಡು ಆ ಕಡೆ ಈ ಕಡೆ ಹೋಗುವ ಅಗಲ ತೊಟ್ಟಿ. ನದಿ ಏರಿ ಇಳಿದ ಹಾಗೆ ಬುಲ್ಡೋಜರ್‌ನಲ್ಲಿ ಜಲ್ಲಿ ತಳ್ಳಿ ದಡ ಸರಿ ಮಾಡುತ್ತಿರುತ್ತಾರೆ. ಮುಂದೆ ಮೆಕೆಂಜಿ ನದಿಗೆ ಇನ್ನೊಂದು ಲಾಂಚ್. ಎರಡೂ ಪುಕ್ಕಟೆ. ರಾತ್ರಿಗೆ ಇನುವಿಕ್. ಇಲ್ಲಿ ಮನೆಗಳು ಕಂಬದ ಮೇಲೆ, ನೀರಿನ ಪೈಪು ಕೂಡ ನೆಲದ ಮೇಲೆ ಪೆಟ್ಟಿಗೆಯೊಳಗೆ. ಹಿಮಮನೆಯ ಆಕಾರದ ದುಂಡಗಿನ ಚರ್ಚು ಇದೆ. ಮಧ್ಯರಾತ್ರಿ ಹುಡುಗರು ಸೈಕಲ್ ಹೊಡೆಯುತ್ತಿದ್ದರು, ಸೂರ್ಯ ದಿಗಂತದಿಂದ ಸ್ವಲ್ಪ ಮೇಲೆ ಅಷ್ಟೇ. "ಊಟ ಆತನೇ?" ಅಂತ ಅಮ್ಮ ಕೇಳಿದಾಗ ಯಾವ ಊಟ ಅಂತ ನನಗೇ ಗೊಂದಲ.

ಹನ್ನೊಂದನೇ ದಿನ, ಜುಲೈ 13. ಇನುವಿಕ್‌ನಿಂದ ಟಕ್‌ಗೆ ಸುಮಾರು 140 ಕಿ.ಮೀ. ಈ ರಸ್ತೆ 2017ರ ನವೆಂಬರ್‌ನಲ್ಲಿ ತೆರೆದದ್ದು. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಮಾತ್ರ ಕಾರು ಓಡುತ್ತಿತ್ತು. ಊರು ಹತ್ತಿರವಾದ ಹಾಗೆ ಪಿಂಗೋಗಳು ಕಾಣುತ್ತವೆ, ಒಳಗೆ ಮಂಜಿನ ಗಡ್ಡೆ ಇರುವ ಗುಡ್ಡಗಳು. ಇಬ್ಯುಕ್ ಎಂಬುದು 49 ಮೀಟರ್ ಎತ್ತರ. ದೂರದಿಂದ ತಲೆ ಒಡೆದ ಮುದ್ದೆಯ ಹಾಗೇ ಇದೆ, ಇದು ನನ್ನ ಮಾತಲ್ಲ, ಇವರದು.

ರಸ್ತೆ ಮುಗಿಯುವ ಕಡೆ ಆರ್ಕ್‌ಟಿಕ್ ಸಮುದ್ರ. ಬೂದು ಬಣ್ಣ, ಅಲೆ ಸಣ್ಣದು. ದಡದ ತುಂಬಾ ಮರದ ದಿಮ್ಮಿ, ಸುತ್ತ ಮೈಲಿಗಟ್ಟಲೆ ಒಂದು ಮರ ಇಲ್ಲ. ಎಲ್ಲಾ ಮೆಕೆಂಜಿ ನದಿ ದಕ್ಷಿಣದಿಂದ ಹೊತ್ತು ತಂದದ್ದು. ಇವರು ಶೀಟಿನಲ್ಲಿ "ಸ್ನಾನ, 5 ನಿಮಿಷ" ಅಂತ ಬರೆದಿದ್ದರು. ಮೂರು ಮುಳುಗು ಹಾಕಿ, ಯಾವ ದೇವರ ಹೆಸರು ಹೇಳಿದರೋ ಅರ್ಥವಾಗದ ಹಾಗೆ ಕೂಗಿ, ಒಂದು ನಿಮಿಷದೊಳಗೆ ಮೇಲೆ ಬಂದರು. ನಾನು ಮೊಣಕಾಲಿನವರೆಗೆ ಇಳಿದು ತಲೆಗೆ ಪ್ರೋಕ್ಷಣೆ ಮಾಡಿಕೊಂಡೆ. ಪುಣ್ಯ ಅಷ್ಟೇ ಸಾಕು.

ಟೆಂಟ್ ದಡದಲ್ಲೇ. ರಾತ್ರಿ ಹನ್ನೊಂದಕ್ಕೆ ಮುದ್ದೆ. ಗಾಳಿಗೆ ಒಲೆ ನಿಲ್ಲದೆ ಕಾರಿನ ಬಾಗಿಲು ಅಡ್ಡ ಹಿಡಿದು, ಇವರು ಪಾತ್ರೆ ಕಾಲಲ್ಲಿ ಒತ್ತಿಕೊಂಡು ಕೋಲಿನಿಂದ ತೊಳಸಿದರು. ಗಂಟಾಯಿತು. ಕುಕ್ಕರ್ ಕೂಗಿದ್ದಕ್ಕೆ ಮೂರು ನಾಯಿ, ಇಬ್ಬರು ಮಕ್ಕಳು ಬಂದು ನಿಂತರು. ಗಂಟುಮುದ್ದೆ, ಬೇಳೆಸಾರು, ಮಾವಿನಮಿಡಿ. ಉಪ್ಪಿನಕಾಯಿ ರಸ ನೆಕ್ಕಿದ ಹುಡುಗಿಯ ಮುಖ ಸೊಟ್ಟಗಾಯಿತು. ಆಮೇಲೆ ಮತ್ತೆ ಕೈ ಚಾಚಿದಳು.

ಹನ್ನೆರಡನೇ ದಿನ, ಜುಲೈ 14. ವಾಪಸ್ ಬರುವಾಗ ಪೀಲ್ ನದಿ ಏರಿತ್ತು. ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ಲಾಂಚ್ ನಿಲ್ಲಿಸಿದ್ದರು. ಐದು ಗಂಟೆ ಕಾದೆವು. ಇವರಿಗೆ ಚಡಪಡಿಕೆ, ಶೀಟ್ ಕೆಟ್ಟುಹೋಯಿತು ಅಂತ. ನನಗೆ ಮಾತ್ರ ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ಹಾಗಾಯಿತು. ಬಾಲ್ಯದ ಅರ್ಧ ರಜೆಯನ್ನು ನಮ್ಮ ಲಾಂಚ್ ನಿಲ್ಲುವ ಹೊಳೆಬಾಗಿಲಿನಲ್ಲಿ ಹೀಗೇ ಕಳೆದಿದ್ದೇನೆ. ಲಾಂಚಿಗೆ ಕಾಯುವವರು ಬೇಗ ಪರಿಚಯ ಆಗುತ್ತಾರೆ, ಯಾಕೆಂದರೆ ಬೇರೆ ಕೆಲಸ ಇರುವುದಿಲ್ಲ. ಫೋರ್ಟ್ ಮೆಕ್‌ಫರ್ಸನ್‌ನ ಗ್ವಿಚಿನ್ ಎಂಬ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರು ಪಿಕಪ್ಪಿನ ಹಿಂದೆ ಕೂತು ಒಣಮೀನು ಕೊಟ್ಟರು. ನಾನು ತಿನ್ನುವುದಿಲ್ಲ ಎಂದೆ, ಇವರು ನನ್ನ ಪಾಲನ್ನೂ ತಿಂದರು. ಶರತ್ಕಾಲದಲ್ಲಿ ನದಿ ಹೆಪ್ಪುಗಟ್ಟುವಾಗ, ವಸಂತದಲ್ಲಿ ಒಡೆಯುವಾಗ ವಾರಗಟ್ಟಲೆ ಲಾಂಚೂ ಇಲ್ಲ, ಮಂಜಿನ ರಸ್ತೆಯೂ ಇಲ್ಲ, ಅಂಗಡಿಯಲ್ಲಿ ಹಾಲು ಮುಗಿದರೆ ಮುಗಿಯಿತು ಅಂತ ಹೇಳಿದರು. ನಮ್ಮಲ್ಲಿ ಬೇಸಿಗೆಗೆ ಹಿನ್ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದಿಲ್ಲ ಎಂದೆ ನಾನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು, ಊರು ನೀರಿನ ಆಚೆ ಉಳಿದದ್ದು, ಗರ್ಭಿಣಿಯರನ್ನು ರಾತ್ರಿ ದಾಟಿಸುವ ಕಷ್ಟ, ಎಲ್ಲಾ ಹೇಳಿದೆ. ಅಜ್ಜಿ ಎಲ್ಲದಕ್ಕೂ ತಲೆ ಆಡಿಸಿದರು. "ಸೇತುವೆ ಕಟ್ಟಿದರಾ?" ಅಂತ ಕೇಳಿದರು. ಕಟ್ಟಿದ್ದಾರೆ, ಇವತ್ತೋ ನಾಳೆಯೋ ಶುರುವಂತೆ ಎಂದೆ.

ಮಾರನೇ ದಿನ ಡಾಸನ್‌ನಲ್ಲಿ ಫೋನಿಗೆ ಜೀವ ಬಂದಾಗ ಮೆಸೇಜುಗಳ ಮಳೆ. ಸೇತುವೆ ಜುಲೈ 14ಕ್ಕೇ ಉದ್ಘಾಟನೆ ಆಗಿತ್ತು. ನಾವು ಪೀಲ್ ದಡದಲ್ಲಿ ಕೂತಿದ್ದ ದಿನವೇ. ಅಣ್ಣ ಕಳಿಸಿದ ವಿಡಿಯೋದಲ್ಲಿ ಅಮ್ಮ ಸೇತುವೆ ಮೇಲೆ ನಿಂತು ಕೆಳಗೆ ಲಾಂಚ್ ನೋಡುತ್ತಿದ್ದಾಳೆ. ಖುಷಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ವಾಟ್ಸನ್ ಲೇಕ್‌ಗೆ ಬಂದಾಗ ನನ್ನ ಹಲಗೆ ಹುಡುಕಿ, "ಲಾಂಚ್ ಇದೆ" ಅನ್ನುವುದನ್ನು ಅಳಿಸಬೇಕಾ ಅಂತ ಕೇಳಿದೆ. "ಇರಲಿ ಬಿಡು, ಪೇಂಟ್ ತಂದಿಲ್ಲ" ಎಂದರು ಇವರು.

ವಾಪಸ್ ದಾರಿ ಬೇಗ ಮುಗಿಯಿತು. ವೈಟ್‌ಹಾರ್ಸ್, ವಾಟ್ಸನ್ ಲೇಕ್, ಫೋರ್ಟ್ ನೆಲ್ಸನ್. ಕಾರಿನ ಮೇಲಿನ ಡೆಂಪ್‌ಸ್ಟರ್ ಕೆಸರು ಸಿಮೆಂಟಿನಂತೆ ಗಟ್ಟಿಯಾಗಿ, ನಂಬರ್ ಪ್ಲೇಟ್ ಕಾಣುತ್ತಿರಲಿಲ್ಲ.

ಹದಿನೇಳನೇ ದಿನ. ಕೊನೆಯ ಕ್ಯಾಂಪು, ಗ್ರಾಂಡ್ ಪ್ರೇರಿ ದಾಟಿ ಒತ್ತಾದ ಸ್ಪ್ರೂಸ್ ಕಾಡಿನಲ್ಲಿ. ಊಟ ಮುಗಿಸಿ ಮಾತಾಡುತ್ತಾ ಕೂತವರಿಗೆ ಮಧ್ಯರಾತ್ರಿಯ ಹೊತ್ತಿಗೆ ಎದುರಿನ ಪಾತ್ರೆ ಕಾಣುತ್ತಿಲ್ಲ ಅಂತ ಗೊತ್ತಾಯಿತು. ಮೇಲೆ ನೋಡಿದರೆ ನಕ್ಷತ್ರ. ಟಾರ್ಚ್ ಎಲ್ಲಿ ಅಂತ ಹುಡುಕಿದೆವು. ಹೊರಟ ದಿನ ಕಾರಿನ ತಳಕ್ಕೆ ಸೇರಿದ್ದು, ಮೇಲೆ ಸ್ಟೆಪ್ನಿ, ರಾಗಿ ಚೀಲ, ಒದ್ದೆ ಟೆಂಟು. ತಡಕಾಡಿ ಎಳೆದು ತೆಗೆದರೆ ಒಂದು ಟಾರ್ಚು ಯಾವಾಗಲೋ ಒತ್ತಿಹೋಗಿ, ಉರಿದು ಉರಿದು ಸತ್ತಿತ್ತು. ಇನ್ನೊಂದು ಸಿಗಲೇ ಇಲ್ಲ. ಅಷ್ಟರಲ್ಲಿ ಅಮ್ಮನ ಫೋನ್.

"ಕತ್ಲೆ ಆತನೇ ಅಲ್ಲಿ?"

"ಆತು" ಎಂದೆ. ಇವರು ಫೋನಿನ ಬೆಳಕಲ್ಲಾದರೂ ಹುಡುಕೋಣ, ಕಟ್ ಮಾಡು ಅಂತ ಸನ್ನೆ ಮಾಡುತ್ತಿದ್ದರು.